ಮಗಳಿಗೊಂದು ಪತ್ರ: ಹೆಲ್ಮೆಟ್ ಒಳಗಿನ ಹಾಡು

ಪುಟ್ಟಿ,

ಹೆಲ್ಮೆಟ್‌ಗೆ ಬ್ಲೂಟೂತ್ ಸ್ಪೀಕರ್ ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀಯ. ಅಮ್ಮ ಮೆಸೇಜ್ ಪೂರ್ತಿ ಓದುವ ಮೊದಲೇ ಬೇಡ ಅಂದುಬಿಟ್ಟಳು. ನನ್ನ ಉತ್ತರ ಸ್ವಲ್ಪ ಉದ್ದ. ಫೋನಿನಲ್ಲಿ ಹೇಳಿದರೆ ‘ಸರಿ ಅಪ್ಪಾ, ಸರಿ ಅಪ್ಪಾ’ ಅಂದು ಮುಗಿಸುತ್ತೀಯ. ಅದಕ್ಕೇ ಪತ್ರ.

ಮೊದಲು ಊರೊಳಗಿನ ಮಾತು. ಸಿಲ್ಕ್ ಬೋರ್ಡ್ ಕಡೆ ಸಂಜೆ ಹೊತ್ತು ಗಾಡಿ ಓಡಿಸುವಾಗ ಹಾಡು ಬೇಡವೇ ಬೇಡ. ಬೈಕಿನ ಕನ್ನಡಿಯಲ್ಲಿ ಕಾಣುವುದು ಎಷ್ಟು ಮಹಾ? ಅರ್ಧ ನಿನ್ನ ಮೊಣಕೈಯೇ ಇರುತ್ತದೆ. ಎಡಕ್ಕೆ ನುಗ್ಗುವ ಆಟೋ, ಬೆನ್ನ ಹಿಂದೆ ಉಸ್ಸೆನ್ನುವ ಬಸ್ಸಿನ ಏರ್‌ಬ್ರೇಕ್, ಎಲ್ಲ ಮೊದಲು ಗೊತ್ತಾಗುವುದು ಕಿವಿಗೆ. ಒಂದು ಕಿವಿಗೆ ಮಾತ್ರ ಇಯರ್‌ಬಡ್ ಹಾಕಿಕೊಂಡರೆ ಏನಾಗುತ್ತೆ ಅಂತ ನಿನ್ನ ಫ್ರೆಂಡ್ಸ್ ಕೇಳಬಹುದು. ಶಬ್ದ ಯಾವ ಕಡೆಯದು ಅಂತ ನಮಗೆ ತಿಳಿಯುವುದೇ ಎರಡೂ ಕಿವಿ ಸೇರಿದಾಗ. ಬಲಗಡೆಯ ಹಾರ್ನ್ ಎಡಗಿವಿಗೆ ಒಂದು ಚೂರು ತಡವಾಗಿ ಮುಟ್ಟುತ್ತದೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮಿದುಳು ಆ ತಡವನ್ನೇ ಹಿಡಿದು ದಿಕ್ಕು ಹೇಳುತ್ತದೆ. ಒಂದು ಕಿವಿಯನ್ನು ಹಾಡಿಗೆ ಕೊಟ್ಟೆಯೋ, ಹಾರ್ನ್ ಕೇಳುತ್ತದೆ, ಯಾವ ಕಡೆಗೆ ಸರಿಯಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಇನ್ನು ಹಾಡು ಬದಲಿಸಲು ಫೋನ್ ಕೈಗೆ ತೆಗೆದುಕೊಂಡರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದ್ದೇ ಇದೆ. ಅದರ ಲೆಕ್ಕದಲ್ಲಿ ಅದು ಅಪಾಯಕಾರಿ ಚಾಲನೆ.

ಹೈವೇ ಬೇರೆ ಕಥೆ. ಅಲ್ಲಿ ತೊಂದರೆ ಕೊಡುವುದು ಹಾಡಿಗಿಂತ ಜಾಸ್ತಿ ಗಾಳಿ. ನೂರರ ಸ್ಪೀಡಿನಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ ಸುಮಾರು 95 ಡೆಸಿಬಲ್ ಮುಟ್ಟುತ್ತದೆ. 85 ಡೆಸಿಬಲ್ ಇದ್ದರೆ ಎಂಟು ಗಂಟೆ ಕೇಳಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಕಿವಿ ತಜ್ಞರು ಬಳಸುವ ಲೆಕ್ಕ. ಹಾಗಾದರೆ 94ಕ್ಕೆ ಒಂದೇ ಗಂಟೆ, 100ಕ್ಕೆ ಕಾಲು ಗಂಟೆ. ನೆಲಮಂಗಲ ದಾಟಿ ಹಾಸನ ಮುಟ್ಟುವುದರೊಳಗೆ ನಿನ್ನ ಕೋಟಾ ಮುಗಿದಿರುತ್ತದೆ. ಅದರ ಮೇಲೆ ಹಾಡು ಕೇಳಬೇಕಾದರೆ ಗಾಳಿಗಿಂತ ಜೋರಾಗಿ ಇಡಬೇಕು, ಅಲ್ವಾ? ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುವುದು ಅದಕ್ಕೇ. ಇವತ್ತು ಬೆಳಗ್ಗೆಗೆ ಹೋಗುತ್ತದೆ. ಮುಂದೊಂದು ದಿನ ಹೋಗದೆ ಉಳಿದುಬಿಡಬಹುದು.

ಹಾಗಾಗಿ ಸ್ಪೀಕರ್‌ಗಿಂತ ಮೊದಲು ಫೋಮ್ ಇಯರ್‌ಪ್ಲಗ್ ತಗೋ. ಬೆರಳಲ್ಲಿ ಹೊಸೆದು ಬತ್ತಿ ಹಾಗೆ ಸಣ್ಣಗೆ ಮಾಡು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿ, ಒಳಗಿಡು, ಅದು ಉಬ್ಬಿ ಕೂರುವವರೆಗೆ ಬೆರಳು ತೆಗೆಯಬೇಡ. ಆಮೇಲೆ ಹೆಲ್ಮೆಟ್ ಹಾಕು. ಹಾರ್ನ್ ಕೇಳಿಸಲ್ವಲ್ಲ ಅನ್ನಬೇಡ. ಗಾಳಿ, ಹಾರ್ನ್ ಎರಡೂ ಒಟ್ಟಿಗೆ ತಗ್ಗುತ್ತವೆ, ಹಾರ್ನ್ ಆಗಲೂ ಎದ್ದು ಕೇಳುತ್ತದೆ. ಸ್ಪೀಕರ್‌ನಲ್ಲಿ ಮ್ಯಾಪ್ ಹೇಳುವ ದಾರಿಯೂ ಕೇಳುತ್ತದೆ. ಖಾಲಿ ರಸ್ತೆ ಸಿಕ್ಕಾಗ ಹಾಡನ್ನೂ ಸಣ್ಣಗೆ ಇಟ್ಟುಕೋ, ನನ್ನ ಅಡ್ಡಿಯಿಲ್ಲ. ಮನೆಗೆ ಬರುವಾಗ ಮಾತ್ರ ಹಾಡು ಬೇಡ. ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡಿನವರೇ ಜಾಸ್ತಿ.

ಯಂತ್ರದ ಸದ್ದನ್ನೂ ಕೇಳುತ್ತಿರು. ನನ್ನ ಯೆಜ್ಡಿ ಬೈಕು ಮೈಸೂರಿನ ಯಾದವಗಿರಿಯ ಫ್ಯಾಕ್ಟರಿಯದು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತಲ್ಲ, ಅದೇ. ಕಿಕ್ಕರ್ ಮಡಚಿದರೆ ಅದೇ ಗೇರ್ ಲಿವರ್ ಆಗುತ್ತದೆ, ಚಿಕ್ಕವಳಿದ್ದಾಗ ನಿನಗೆ ಅದು ದೊಡ್ಡ ಮ್ಯಾಜಿಕ್. ಆ ಟೂ ಸ್ಟ್ರೋಕ್ ಎಂಜಿನ್ ಬಿಸಿಯಾಗಿ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವ ಮುಂಚೆ ಸದ್ದು ಬಿಗಿಯಾಗುತ್ತದೆ. ಆ ಕ್ಷಣಕ್ಕೆ ಕ್ಲಚ್ ಹಿಡಿಯದಿದ್ದರೆ ಹಿಂದಿನ ಚಕ್ರವೇ ಲಾಕ್. ನಿನ್ನ ಗಾಡಿಗೆ ಆ ಕಾಟ ಅಷ್ಟಿಲ್ಲ. ಆದರೆ ಸಡಿಲವಾದ ಚೈನಿನ ಟಕಟಕ, ಸವೆದ ಬ್ರೇಕ್ ಪ್ಯಾಡಿನ ಕಿರ್ ಎಲ್ಲ ಗಾಡಿಗೂ ಒಂದೇ.

ಈಗ ನೀನು, ನಿನ್ನ ಫ್ರೆಂಡ್ಸ್ ಹಾಕಿಕೊಂಡಿರುವ ಚಾರ್ಮಾಡಿ ಘಾಟಿ ಇಳಿಯುವ ಪ್ಲಾನ್. ಮಳೆಗಾಲ ಬೇರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಏಳುವಾಗ ಇಯರ್‌ಪ್ಲಗ್ ತೆಗೆದು ಜೇಬಿಗೆ ಹಾಕು, ಸ್ಪೀಕರ್ ಆಫ್ ಮಾಡು. ಘಾಟಿಯಲ್ಲಿ ಸ್ಪೀಡ್ ಇರುವುದಿಲ್ಲ, ಗಾಳಿಯ ಗಲಾಟೆಯೂ ಇಲ್ಲ. ಮಂಜು ಮುಚ್ಚಿದರೆ ಮುಂದಿನ ತಿರುವೇ ಕಾಣುವುದಿಲ್ಲ. ಉಜಿರೆ ಕಡೆಯಿಂದ ಲೋ ಗೇರಿನಲ್ಲಿ ಏದುಸಿರು ಬಿಟ್ಟು ಹತ್ತುವ ಬಸ್ಸು ಕಣ್ಣಿಗೆ ಬೀಳುವ ಮೊದಲೇ ಕೇಳಿಸುತ್ತದೆ, ಪಕ್ಕದಲ್ಲಿ ಜಲಪಾತ ಭೋರ್ಗರೆಯದಿದ್ದರೆ. ವೈಸರ್ ಎತ್ತಿಕೋ. ತಿರುವಿನಲ್ಲಿ ನೀನೂ ಹಾರ್ನ್ ಮಾಡು, ಮಾಡಿ ಸುಮ್ನೆ ಮುಂದೆ ಹೋಗಬೇಡ, ಉತ್ತರಕ್ಕೆ ಕಾಯು. ನೀವು ಇಳಿಯುವವರು, ಹತ್ತುವ ಗಾಡಿಗೆ ದಾರಿ ಬಿಡಬೇಕಾದವರು ನೀವೇ.

ಹಾಡಿಲ್ಲದೆ ಬೇಜಾರು ಅನಿಸಿದರೆ ನೀನೇ ಹಾಡಿಕೋ. ಹೆಲ್ಮೆಟ್ ಒಳಗೆ ಶ್ರುತಿ ತಪ್ಪಿದರೂ ಯಾರಿಗೂ ಕೇಳುವುದಿಲ್ಲ. ನಾನು ಈಗಲೂ ಹಾಡುತ್ತೇನೆ, ಸಿಗ್ನಲ್‌ನಲ್ಲಿ ಮಾತ್ರ ನಿಲ್ಲಿಸುತ್ತೇನೆ.

ಸ್ಪೀಕರ್ ತಗೋ. ಹೆಲ್ಮೆಟ್‌ನಲ್ಲಿ ಕಿವಿಯ ಹತ್ತಿರ ಅದಕ್ಕೆ ಗುಳಿ ಇದೆಯಾ ನೋಡು. ಇಲ್ಲದಿದ್ದರೆ ಒಳಗಿನ ಥರ್ಮಕೋಲ್ ಕೆತ್ತಲು ಯಾರಿಗೂ ಬಿಡಬೇಡ, ತಲೆ ಉಳಿಸುವುದು ಅದೇ. ಹೊರಡುವ ಮೊದಲು ಚೈನಿಗೆ ಲ್ಯೂಬ್ ಹಾಕು. ಅಮ್ಮನಿಗೆ ನಾನು ಹೇಳುತ್ತೇನೆ.

ನಿನ್ನ
ಅಪ್ಪ