ಬ್ಯಾನರ್ ಬಿಡು, ಕನ್ನಡಿ ಹಿಡಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಜತೆಗೆ, ಕಾಲೇಜಿನ ಹೊರಗೆ ಜನರ ನಡುವೆ ಮಾಡುವ ವಿಸ್ತರಣಾ ಚಟುವಟಿಕೆಗಳ ಹೊಣೆಯೂ ನಿನ್ನ ಹೆಗಲಿಗೇ ಬಿತ್ತಲ್ಲ! ನೀನು ಕಳಿಸಿದ ವರ್ಷದ ಪಟ್ಟಿ ನೋಡಿದೆ. ಹದಿನಾಲ್ಕು ಕಾರ್ಯಕ್ರಮಗಳಲ್ಲಿ ಒಂಬತ್ತು ಬರೀ ಜಾಥಾ, ಉಪನ್ಯಾಸ, ಪ್ರತಿಜ್ಞಾವಿಧಿ. ಅವಕ್ಕೆ ಒಂದು ಬ್ಯಾನರು, ಒಂದು ಮೈಕು ಇದ್ದರೆ ಸಾಕು. ಮರುದಿನ ಊರಲ್ಲಿ ಉಳಿಯುವುದು ಖಾಲಿ ಪೇಪರ್ ಲೋಟ ಮಾತ್ರ. ಒಬ್ಬ ಸ್ವಯಂಸೇವಕನ ಲೆಕ್ಕಕ್ಕೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಬರಬೇಕು, ಜತೆಗೆ ಏಳು ದಿನದ ವಿಶೇಷ ಶಿಬಿರ. ಅಷ್ಟು ಹೊತ್ತನ್ನು ಕುರ್ಚಿ ಜೋಡಿಸುವುದರಲ್ಲೇ ಕಳೆಯಬೇಡ. ನನ್ನ ಮಾತು ಕೇಳುವುದಾದರೆ ಎರಡೇ ಕೆಲಸ ಇಟ್ಟುಕೋ: ಸುತ್ತಲಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೂರ್ಯನನ್ನು ಅಳೆಯಿಸು, ಅದೇ ಊರುಗಳಲ್ಲಿ ಕುಡಿಯುವ ನೀರು ಪರೀಕ್ಷಿಸು.

ಮೊದಲು ದಿನದ ಮಾತು. ಎಲ್ಲರೂ ಫೆಬ್ರವರಿ 28ರ ವಿಜ್ಞಾನ ದಿನಕ್ಕೇ ಶಾಲೆಗೆ ನುಗ್ಗುತ್ತಾರೆ. ಆ ಹೊತ್ತಿಗೆ ಶಾಲೆಯವರ ತಲೆಯ ತುಂಬ ಎಸ್‌ಎಸ್‌ಎಲ್‌ಸಿ. ಜೂನ್, ಜುಲೈನಲ್ಲಿ ಮೋಡ, ಸೂರ್ಯ ಸಿಗುವುದಿಲ್ಲ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಒಳ್ಳೆಯ ಕಾಲ. ಎಂಟು, ಒಂಬತ್ತನೇ ತರಗತಿಯ ಮಕ್ಕಳೇ ಬೇಕು ಅಂತ ಶಾಲೆಯವರನ್ನು ಕೇಳು. ಶನಿವಾರ ಬೆಳಗಿನ ಶಾಲೆ, ಬೇಗ ಬಿಡುತ್ತಾರೆ, ಆ ದಿನ ಬೇಡ. ಪ್ರಾಂಶುಪಾಲರ ಪತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಮುಖ್ಯ ಶಿಕ್ಷಕರಿಗೂ ಮೊದಲೇ ಹೋಗಿರಲಿ. ಬಿಸಿಯೂಟ ಎಷ್ಟು ಹೊತ್ತಿಗೆ ಅಂತಲೂ ಕೇಳಿಕೋ. ಊಟದ ಗಂಟೆ ಹೊಡೆದ ಮೇಲೆ ಯಾವ ವಿಜ್ಞಾನವೂ ನಡೆಯದು.

ಈಗ ಸೂರ್ಯ. ಬೇಕಾದದ್ದು ಅಂಗೈಯಗಲದ ಸಾದಾ ಕನ್ನಡಿ, ಅದರ ಮೇಲೆ ಅಂಟಿಸಲು ದಪ್ಪ ಕಪ್ಪು ಕಾಗದ, ಮರಳು ತುಂಬಿದ ಪ್ಲಾಸ್ಟಿಕ್ ಚೆಂಡು, ಅದನ್ನು ಕೂರಿಸಲು ಒಂದು ಸಿಂಬೆ. ಕಾಗದದ ನಡುವೆ 1 ಸೆಂಟಿಮೀಟರ್ ಅಗಲದ ರಂಧ್ರ ಕೊರೆದು ಕನ್ನಡಿಗೆ ಅಂಟಿಸಿ, ಕನ್ನಡಿಯನ್ನು ಚೆಂಡಿಗೆ ಗಟ್ಟಿಯಾಗಿ ಕೂರಿಸಬೇಕು. ಸಿಂಬೆಯ ಮೇಲಿಟ್ಟ ಚೆಂಡನ್ನು ಯಾವ ಕಡೆಗೆ ತಿರುಗಿಸಿದರೂ ಬಿಟ್ಟಲ್ಲೇ ನಿಲ್ಲುತ್ತದೆ. ಕೈಯಲ್ಲಿ ಹಿಡಿದ ಕನ್ನಡಿಯಿಂದ ಈ ಕೆಲಸ ಆಗುವುದಿಲ್ಲ. ಉಸಿರಾಡಿದರೂ ಬೆಳಕು ಗೋಡೆಯ ತುಂಬ ಕುಣಿಯುತ್ತದೆ.

ಕನ್ನಡಿ ಅಂಗಳದ ಬಿಸಿಲಲ್ಲಿರಲಿ, ಬೆಳಕು ಬಾಗಿಲಿನೊಳಗಿಂದ ಹಾದು ಕತ್ತಲು ಮಾಡಿದ ಕೋಣೆಯ ಎದುರುಗೋಡೆಗೆ ಬೀಳಲಿ. ಕನ್ನಡಿಯಿಂದ ಗೋಡೆಗೆ 20 ಮೀಟರ್. ಆಗ ಗೋಡೆಯ ಮೇಲೆ ಹೆಚ್ಚುಕಡಿಮೆ ಊಟದ ತಟ್ಟೆಯಷ್ಟಗಲದ ದುಂಡು ಬೆಳಕು ಕಾಣುತ್ತದೆ. ರಂಧ್ರವನ್ನು ಬೇಕೆಂದೇ ತ್ರಿಕೋನವಾಗಿ ಕತ್ತರಿಸಿರು. ಕನ್ನಡಿಯ ಹತ್ತಿರ, ಅರ್ಧ ಮೀಟರಿನಲ್ಲಿ, ಬಿಳಿ ಹಾಳೆ ಹಿಡಿದರೆ ತ್ರಿಕೋನವೇ ಕಾಣುತ್ತದೆ. ಹಾಳೆ ಹಿಡಿದ ಹುಡುಗಿ ಹಿಂದೆ ಹಿಂದೆ ಸರಿದಂತೆ ಮೂಲೆಗಳು ಕರಗಿ ಗೋಡೆಯ ಹತ್ತಿರ ಅದು ಪೂರಾ ದುಂಡಗಾಗುತ್ತದೆ. ಇಲ್ಲಿ ಯಾರೂ ವಿವರಣೆ ಕೊಡಕೂಡದು. ‘ತ್ರಿಕೋನ ಎಲ್ಲಿ ಹೋಯ್ತು?’ ಅಂತ ಕೇಳಿ ಸುಮ್ಮನಿರಬೇಕು. ಗೋಡೆಯ ಮೇಲಿರುವುದು ರಂಧ್ರದ ಆಕಾರವಲ್ಲ, ಸೂರ್ಯನ ಬಿಂಬ ಅಂತ ಯಾವುದಾದರೂ ಒಂದು ಮಗು ಹೇಳೇ ಹೇಳುತ್ತದೆ.

ಆಮೇಲೆ ಅಳತೆ. ದುಂಡಿನ ಅಗಲ 19.5 ಸೆಂ.ಮೀ. ಬಂತು ಅನ್ನು. ರಂಧ್ರದ ಅಗಲ 1 ಸೆಂ.ಮೀ. ಕಳೆ, ಉಳಿದದ್ದು 18.5. ದೂರ 2000 ಸೆಂ.ಮೀ. ಅದನ್ನು 18.5ರಿಂದ ಭಾಗಿಸಿದರೆ 108. ಅಂದರೆ ಸೂರ್ಯ ತನ್ನ ಅಗಲದ 108 ಪಟ್ಟು ದೂರದಲ್ಲಿದ್ದಾನೆ. ದೂರ 15 ಕೋಟಿ ಕಿಲೋಮೀಟರ್ ಅಂತ ಅವರ ಪಾಠದಲ್ಲೇ ಇರುತ್ತದೆ. ಅದನ್ನು 108ರಿಂದ ಭಾಗಿಸಿದರೆ ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್. ಮರಳು ಚೆಂಡು, ಟೇಪು ಹಿಡಿದು ತೆಗೆದ ಲೆಕ್ಕ ಅದು!

ಎಡವಟ್ಟಾಗುವುದು ಎಲ್ಲಿ ಗೊತ್ತೇ? ಒಬ್ಬನೇ ಹುಡುಗ ಎಡ ಅಂಚಿಗೆ ಗುರುತು ಹಾಕಿ, ಪೆನ್ಸಿಲ್ ಸರಿಮಾಡಿಕೊಂಡು, ಬಲ ಅಂಚಿಗೆ ಬರುವಷ್ಟರಲ್ಲಿ ಬಿಂಬವೇ ಸರಿದಿರುತ್ತದೆ. ಭೂಮಿ ತಿರುಗುತ್ತಿದೆಯಲ್ಲ, 20 ಮೀಟರಿನಲ್ಲಿ ಬಿಂಬ ನಿಮಿಷಕ್ಕೆ ಸುಮಾರು 8 ಸೆಂ.ಮೀ. ಓಡುತ್ತದೆ. ಹದಿನೈದು ಸೆಕೆಂಡಿಗೆ ಎರಡು ಸೆಂಟಿಮೀಟರ್ ತಪ್ಪು. ಅದಕ್ಕೇ ಇಬ್ಬರು ಮಕ್ಕಳು ‘ಒಂದು, ಎರಡು, ಮೂರು’ ಎಂದು ಒಟ್ಟಿಗೆ ಗುರುತು ಹಾಕಲಿ. ಬೆಳಕು ಗೋಡೆಗೆ ಓರೆಯಾಗಿ ಬಿದ್ದರೆ ದುಂಡು ಮೊಟ್ಟೆಯಾಗುತ್ತದೆ. ಆಗ ಕಿರಿದಾದ ಅಡ್ಡಳತೆಯನ್ನೇ ತೆಗೆದುಕೊಳ್ಳಬೇಕು. ಅಂಚು ಮಸುಕು, ಒಬ್ಬೊಬ್ಬರದು ಒಂದೊಂದು ಅಳತೆ. ಮೂವರದು ಸರಾಸರಿ ಮಾಡಿಸು. ಕಣ್ಣಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ: ಕನ್ನಡಿಯ ಪಕ್ಕ ಒಬ್ಬ ಸ್ವಯಂಸೇವಕ ಕದಲದೆ ನಿಂತಿರಲಿ. ಕಿರಣದ ದಾರಿಯಲ್ಲಿ ಕನ್ನಡಿಗೆ ಮುಖಮಾಡಿ ಯಾರೂ ನಿಲ್ಲಬಾರದು, ಇಣುಕಬಾರದು.

ಅರವತ್ತು ಮಕ್ಕಳಿಗೆ ಒಂದು ಕನ್ನಡಿ ಸಾಲದು. ಐದು ಮಕ್ಕಳಿಗೆ ಒಂದು ಸೆಟ್ ಬೇಕು, ಅಂದರೆ ಹನ್ನೆರಡು, ಒಡೆದುಹೋಗುವುದಕ್ಕೆ ಮತ್ತೆರಡು. ಕತ್ತಲೆ ಕೋಣೆ ಒಂದೇ ಇದ್ದರೆ ನಾಲ್ಕು ತಂಡ ಒಳಗೆ ಅಳೆಯಲಿ, ಉಳಿದವರು ಹೊರಗೆ ರಂಧ್ರ ಕೊರೆಯುತ್ತಿರಲಿ. ನಮ್ಮ ಪದವಿ ಹುಡುಗರ ದೊಡ್ಡ ಕೆಟ್ಟ ಚಾಳಿ ಒಂದಿದೆ. ಮಗು ಎರಡು ಸಲ ತಪ್ಪಿದರೆ ಕಿತ್ತುಕೊಂಡು ತಾವೇ ಮಾಡಿಬಿಡುತ್ತಾರೆ. ‘ಕೈ ಬೆನ್ನ ಹಿಂದೆ’ ಅಂತ ನಿಯಮ ಮಾಡು. ಶಾಲೆಗೆ ಹೋಗುವ ಮುಂಚೆ ಎರಡು ತಾಲೀಮು ಆಗಲೇಬೇಕು, ಅದರಲ್ಲಿ ಒಂದು ಬಿಎ, ಬಿಕಾಂ ಹುಡುಗರ ಎದುರಿಗೆ. ಬಿಎಸ್ಸಿಯವರ ಭಾಷೆ ಅವರಿಗೆ ಅರ್ಥವಾಗದಿದ್ದರೆ ಎಂಟನೇ ತರಗತಿಗೂ ಆಗುವುದಿಲ್ಲ.

ನೀರಿನ ಕೆಲಸಕ್ಕೆ ರಸಾಯನಶಾಸ್ತ್ರದವರನ್ನು ಜತೆಗೆ ಹಾಕಿಕೋ. ನೀರಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕವನ್ನಷ್ಟೇ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ‘ನೀರು ಚೆನ್ನಾಗಿದೆ’ ಅನ್ನುವುದು ಈಗ ಚಟವಾಗಿಬಿಟ್ಟಿದೆ. ಆ ಮೀಟರಿಗೆ ರೋಗಾಣುವೂ ಕಾಣದು, ಫ್ಲೋರೈಡೂ ಕಾಣದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಕಾಟ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದರ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತರಬೇಕು, ಗಾಜಿನದು ಬೇಡ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ನಿನ್ನ ಹುಡುಗರೂ ಹೇಳಿಯಾರು. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ರೋಗಾಣುವಿಗೆ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿ ಸಾಕು; ಮಲದ ಜತೆ ಬರುವ ಬ್ಯಾಕ್ಟೀರಿಯಾ ಬಿಡುವ ಆ ಅನಿಲದಿಂದ ಬಾಟಲಿಯ ನೀರು ಕಪ್ಪಾಗುತ್ತದೆ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ನಲ್ಲಿಯ ಬಾಯಿಯನ್ನು ಬೆಂಕಿಯಿಂದ ಸುಟ್ಟು, ಬಾಟಲಿಯ ಮುಚ್ಚಳದ ಒಳಗೆ ಬೆರಳು ತಾಗಿಸದೆ ಗೆರೆಯವರೆಗೆ ತುಂಬಬೇಕು. ಪ್ಲಾಸ್ಟಿಕ್ ನಲ್ಲಿಯನ್ನು ಸುಡಲಾಗದು, ಸ್ಪಿರಿಟ್‌ನಲ್ಲಿ ಒರೆಸು. 30ರಿಂದ 37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಮಲದ ಕಲಬೆರಕೆಯ ಅನುಮಾನ. ಪ್ರತಿ ಸಲವೂ ಕುದಿಸಿ ಆರಿಸಿದ ನೀರಿನ ಒಂದು ಬಾಟಲಿ ಜತೆಗಿರಲಿ; ಅದೂ ಕಪ್ಪಾದರೆ ತಪ್ಪು ನಿಮ್ಮ ಕೈಯದು. ಕೊಳೆತ ಮೊಟ್ಟೆಯ ವಾಸನೆಯಿರುವ ಬೋರ್‌ವೆಲ್ ನೀರು ರೋಗಾಣುವಿಲ್ಲದೆಯೂ ಕಪ್ಪಾದೀತು. ಬ್ಲೀಚಿಂಗ್ ಪುಡಿ ಯಾವಾಗ ಹಾಕಿದ್ದು ಅಂತ ನೀರುಗಂಟಿಯನ್ನು ಕೇಳದೆ ಮಾದರಿ ತೆಗೆಯಬೇಡ. ಆಗತಾನೆ ಹಾಕಿದ್ದರೆ ಎಂಥ ಟ್ಯಾಂಕೂ ಪಾಸಾಗುತ್ತದೆ. ಕೆಲಸ ಮುಗಿದ ಬಾಟಲಿಗಳಿಗೆ ಬ್ಲೀಚಿಂಗ್ ದ್ರಾವಣ ಹಾಕಿಟ್ಟು ಆಮೇಲೆ ಚೆಲ್ಲಿ. ಮಕ್ಕಳ ಕೈಗೆ ಬೇಡ.

ಫಲಿತಾಂಶವನ್ನು ಮೊದಲು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಡು, ಶಾಲೆಯ ಗೋಡೆಗೆ ಅಂಟಿಸುವುದು ಆಮೇಲೆ. ಕೆಟ್ಟದ್ದು ಬಂದರೆ ಸರ್ಕಾರಿ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ನೋಡಿಸುವವರೆಗೆ ‘ಅನುಮಾನ’ ಎಂಬ ಮಾತನ್ನು ಬಿಡಬೇಡ. ಬಾಟಲಿ ಪರೀಕ್ಷೆ ಅಷ್ಟನ್ನೇ ಹೇಳಬಲ್ಲದು.

ದಾಖಲೆ ಅಂತೂ ಬೇಕೇ ಬೇಕು. ಕಾಲೇಜಿಗೆ ಗುಣಮಟ್ಟದ ಮಾನ್ಯತೆ ಕೊಡುವ ನ್ಯಾಕ್‌ನವರಿಗೆ ಜಿಯೋಟ್ಯಾಗ್ (ತೆಗೆದ ಜಾಗದ ಗುರುತಿರುವ) ಫೋಟೊ, ಹಾಜರಾತಿ, ಶಾಲೆಯ ಪತ್ರ. ಅದಕ್ಕೊಬ್ಬ ಹುಡುಗನನ್ನು ನೇಮಿಸಿ ಮರೆತುಬಿಡು. ಮೂರು ವಾರದೊಳಗೆ ಅದೇ ಊರಿಗೆ ಮತ್ತೆ ಹೋಗುವ ದಿನವನ್ನು ಮಾತ್ರ ಮೊದಲ ದಿನವೇ ಮುಖ್ಯ ಶಿಕ್ಷಕರ ಡೈರಿಯಲ್ಲಿ ಬರೆಸಿಕೊಂಡು ಬಾ, ಎರಡು ಕನ್ನಡಿ ಅಲ್ಲೇ ಬಿಟ್ಟು ಬಾ. 30 ಮೀಟರಿನ ಟೇಪು ಮರೆಯಬೇಡ, ಶಾಲೆಗಳಲ್ಲಿ ಸಿಗುವುದು ಬರೀ ಒಂದು ಮೀಟರಿನ ಮರದ ಪಟ್ಟಿ.

ನಿನ್ನ
ಗೆಳೆಯ