ಬಿಸಿಲು ಅಂತ ಕೂಸಿಗೆ ನೀರು ಬೇಡ

ಅಕ್ಕಾರೇ, ಬಿಸಿಲಿಗೆ ಪುಟ್ಟ ಕೂಸಿಗೆ ನೀರು ಕುಡಿಸಬಹುದಾ ಅಂತ ಮತ್ತೆ ಅದೇ ಪ್ರಶ್ನೆ ಬಂದಿದೆ, ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಗದಗದ ಬಿಸಿಲು ಎಷ್ಟೇ ಇರಲಿ, 6 ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ನೀರೇ ಅಲ್ವಾ! ಸುಮ್ನೆ ನೀರು ಕುಡಿಸಿದರೆ ಅಷ್ಟು ಪುಟ್ಟ ಹೊಟ್ಟೆ ತುಂಬಿ ಕೂಸು ಹಾಲು ಕಡಿಮೆ ಕುಡಿಯುತ್ತದೆ, ಭೇದಿಯ ಭಯ ಬೇರೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದು, ಅದು ತಿಳಿಯಾಗಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ತಿಳಿಯಿರಿ.

ನಾಲಿಗೆಗೆ ಜೇನು ಸವರುವುದಂತೂ ವರ್ಷ ತುಂಬುವವರೆಗೂ ಬೇಡ, ಬೊಟುಲಿಸಂ ಅನ್ನೋ ಅಪಾಯದ ಕಾಯಿಲೆ ತರುವ ಸೂಕ್ಷ್ಮಾಣು ಅದರಲ್ಲಿರಬಹುದು. ಅತ್ತೆಯವರು ಕೂಸಿಗೆ ನೆಕ್ಕಿಸಲು ಬಜೆ ಬೇರು ತೇಯಲು ಕೂತರೆ ಜಗಳ ಬೇಡ, ಆಶಾ ಅಕ್ಕನನ್ನು ಮನೆಗೆ ಕರೆಯಿರಿ, ಅವರ ಮಾತು ಕೇಳುತ್ತಾರೆ. 6, 10, 14ನೇ ವಾರದ ಲಸಿಕೆಗೆ ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ.