ಶೇ 99 ತೆಗೆದ ಮೇಲೂ ಉಳಿಯುವ ಸೀಸ

ಮಾನ್ಯರೇ,

ಹಣ್ಣಿನ ಸಿಪ್ಪೆ, ಮರದ ಹೊಟ್ಟು, ಇದ್ದಿಲಿನ ಪುಡಿ ನೀರಿನಲ್ಲಿರುವ ಸೀಸ, ಕ್ರೋಮಿಯಂ, ಬಣ್ಣಗಳನ್ನು ‘ಶೇ 99ರಷ್ಟು’ ತೆಗೆಯುತ್ತವೆ ಎಂಬ ಸುದ್ದಿಗಳು ಆಗಾಗ ಪ್ರಕಟವಾಗುತ್ತವೆ. ಈ ಪುಡಿಗಳ ಮೇಲ್ಮೈಗೆ ಲೋಹವೂ ಬಣ್ಣವೂ ಅಂಟಿಕೊಳ್ಳುವುದು ನಿಜ, ಇದೇ ಅಧಿಶೋಷಣೆ. ಆದರೆ ಶೇಕಡಾವಾರು ಒಂದನ್ನೇ ಅಚ್ಚುಹಾಕಿದರೆ ಓದುಗರು ಮೋಸಹೋಗುತ್ತಾರೆ. ಲೀಟರಿಗೆ 50 ಮಿಲಿಗ್ರಾಂ ಸೀಸವಿದ್ದ ನೀರಿನಿಂದ ಶೇ 99 ಹೋದರೂ 500 ಮೈಕ್ರೊಗ್ರಾಂ ಉಳಿಯುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಟ್ಟ 10 ಮೈಕ್ರೊಗ್ರಾಂ!

ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಎಷ್ಟಿತ್ತು ಎಂಬುದನ್ನೂ ಬರೆಯಲೇಬೇಕು. ಸೀಸ ಚೆನ್ನಾಗಿ ಅಂಟುವುದು ಪಿಎಚ್ 5ರ ಆಸುಪಾಸಿನಲ್ಲಿ. ಪಿಎಚ್ 2ಕ್ಕಿಳಿದರೆ ಪುಡಿಯ ಮೇಲೆ ಸೀಸ ಅಂಟುವ ಜಾಗಗಳನ್ನೆಲ್ಲ ಆಮ್ಲದ ಹೈಡ್ರೋಜನ್ ಅಯಾನುಗಳೇ ಹಿಡಿದುಬಿಡುತ್ತವೆ. 6 ದಾಟಿ ಏರುತ್ತಾ ಹೋದರೆ ಸೀಸ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರತೊಡಗುತ್ತದೆ, ಅದನ್ನೂ ಪುಡಿಯ ಸಾಧನೆಯೆಂದು ಎಣಿಸಿಬಿಡುತ್ತಾರೆ. ಪುಡಿ ಹಾಕದ ಇನ್ನೊಂದು ಪಾತ್ರೆಯಲ್ಲೂ ಅದೇ ನೀರನ್ನಿಟ್ಟು, ಅಷ್ಟೇ ಹೊತ್ತು ಅಲ್ಲಾಡಿಸಿ, ಸೋಸಿ ಅಳೆದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಸೋಸುವ ಕಾಗದಕ್ಕೆ ಅಂಟಿದ ಬಣ್ಣದ ಲೆಕ್ಕವೂ ಇದರಲ್ಲೇ ಗೊತ್ತಾಗುತ್ತದೆ.

ಕ್ರೋಮಿಯಂ ಇನ್ನೂ ಕಪಟಿ. ಅದರ ವಿಷಕಾರಿ ಆರು-ವೇಲೆನ್ಸಿಯ ರೂಪಕ್ಕೆ ಋಣ ವಿದ್ಯುದಂಶವಿರುವುದರಿಂದ ಅದು ಧನ ವಿದ್ಯುದಂಶದ ಹೈಡ್ರೋಜನ್ ಅಯಾನುಗಳು ತುಂಬಿದ ಪುಡಿಗೆ ಪಿಎಚ್ 2–3ರಲ್ಲಿ ಚೆನ್ನಾಗಿ ಅಂಟುತ್ತದೆ. ಆದರೆ ಆ ಹುಳಿಯಲ್ಲಿ ಸಿಪ್ಪೆ, ಹೊಟ್ಟುಗಳು ಅದರ ಒಂದಷ್ಟು ಭಾಗವನ್ನು ಮೂರು-ವೇಲೆನ್ಸಿಯ ಇನ್ನೊಂದು ರೂಪಕ್ಕೆ ಇಳಿಸುತ್ತವೆ. ನೇರಳೆ ಬಣ್ಣ ಬರಿಸುವ ಡೈಫಿನೈಲ್‌ಕಾರ್ಬಜೈಡ್ ಪರೀಕ್ಷೆ ಹೀಗೆ ಇಳಿದದ್ದನ್ನು ತೋರಿಸುವುದಿಲ್ಲ. ಪರೀಕ್ಷಾ ನಳಿಕೆಯಲ್ಲಿ ಬಣ್ಣವೇ ಬರಲಿಲ್ಲವೆಂದು ‘ಎಲ್ಲ ಹೋಯಿತು’ ಎನ್ನುತ್ತಾರೆ, ಕ್ರೋಮಿಯಂ ನೀರಿನಲ್ಲೇ ಇರುತ್ತದೆ. ಒಟ್ಟು ಕ್ರೋಮಿಯಂ ಅಳೆಯದ ಫಲಿತಾಂಶವನ್ನು ನಂಬಬಾರದು.

ಹಸಿ ಸಿಪ್ಪೆಯ ಪುಡಿಯನ್ನು ನೇರವಾಗಿ ಸುರಿದರೆ ಕಂದು ಬಣ್ಣ, ಸಾವಯವ ಕೊಳೆ ನೀರಿಗೇ ಇಳಿಯುತ್ತವೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿಯೇ ಬಳಸಬೇಕು. ಪ್ರಯೋಗಾಲಯದಲ್ಲಿ ಶುದ್ಧ ನೀರಿಗೆ ಸೀಸ ಬೆರೆಸಿ ಪಡೆದ ಅಂಕಿ ಹೊರಗಿನ ನೀರಿಗೆ ಹೊಂದುವುದೂ ಅಪರೂಪ, ಏಕೆಂದರೆ ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅದೇ ಜಾಗಕ್ಕೆ ಪೈಪೋಟಿಗಿಳಿಯುತ್ತವೆ.

ಯಾವ ವರದಿಯಲ್ಲೂ ಕಾಣದ ಪ್ರಶ್ನೆ ಇನ್ನೊಂದಿದೆ: ಬಳಸಿ ಮುಗಿದ ಪುಡಿ ಎಲ್ಲಿಗೆ ಹೋಯಿತು? ಸೀಸ ನಾಶವಾಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ತೆಳುವಾದ (0.1 ಮೋಲಾರ್) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಅದರ ಬಹುಭಾಗ ಬಿಟ್ಟುಕೊಳ್ಳುತ್ತದೆ, ಪುಡಿಯನ್ನು ಮತ್ತೆ ಬಳಸಬಹುದು. ಆದರೆ ಆ ಆಮ್ಲದಲ್ಲಿ ಈಗ ಸೀಸ ಮೊದಲಿಗಿಂತ ಗಾಢವಾಗಿರುತ್ತದೆ. ಅದನ್ನು ಚರಂಡಿಗೆ ಚೆಲ್ಲುವುದಾಗಲಿ, ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕುವುದಾಗಲಿ ಕೂಡದು. ಎರಡನ್ನೂ ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು.

– ನೀರು ಪರೀಕ್ಷೆಯ ಕೆಲಸದಲ್ಲಿರುವ ಓದುಗರು